ಆದಿ ಇತ್ತೆ? ಗುರುತ್ವವನ್ನೇ ಕೇಳಬೇಕು

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಮಗ್ಗುಲಲ್ಲೇ ಟಿಬೆಟಿನಿಂದ ಬಂದವರ ನೆಲೆ ಧೊಂಡೆನ್‌ಲಿಂಗ್ ಇದೆ. 1974ರಲ್ಲಿ ಶುರುವಾದದ್ದು. ಮುಸುಕಿನ ಜೋಳದ ಹೊಲಗಳ ನಡುವಿನ ಝೊಗ್‌ಚೆನ್ ಮಠದಲ್ಲಿ ಓದುವ ಭಿಕ್ಷುಗಳ ಪರಂಪರೆ ಈ ಜಗತ್ತಿಗೆ ಮೊದಲೆಂಬುದೇ ಇಲ್ಲ ಎನ್ನುತ್ತದೆ. ವಸುಬಂಧುವಿನ ಅಭಿಧರ್ಮಕೋಶದ ಲೆಕ್ಕದಲ್ಲಿ ಲೋಕ ಮೂಡುವುದಕ್ಕೆ ಇಪ್ಪತ್ತು ಅಂತರಕಲ್ಪ, ನೆಲೆ ನಿಲ್ಲುವುದಕ್ಕೆ ಇಪ್ಪತ್ತು, ಅಳಿಯುವುದಕ್ಕೆ ಇಪ್ಪತ್ತು, ಬರಿದಾಗಿ ಇರುವುದಕ್ಕೆ ಇಪ್ಪತ್ತು. ಆಮೇಲೆ ಮತ್ತೆ ಮೂಡುತ್ತದೆ. ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹೊತ್ತಿಕೊಂಡು ಜಾತ್ರೆ ಶುರುವಾಗುತ್ತದೆ. ಅಲ್ಲಿ ಸೇರುವ ನೀಲಗಾರರ ಮಂಟೇಸ್ವಾಮಿ ಕಾವ್ಯಕ್ಕೆ ಜಗತ್ತಿನ ಸೃಷ್ಟಿಯೇ ಮೊದಲ ಕಥೆ. ಏನೂ ಇಲ್ಲದ ಕಾಲವೊಂದಿತ್ತು, ಅಲ್ಲಿಂದ ಎಲ್ಲವೂ ಬಂತು ಎಂಬುದು ಅದರ ನಂಬಿಕೆ.

ಆದಿ ಉಂಟು ಎನ್ನುವ ಮಾತು, ಆದಿ ಇಲ್ಲ ಎನ್ನುವ ಮಾತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವಿಜ್ಞಾನಿಗಳೂ ಹೀಗೆಯೇ ಎರಡು ಪಾಳಯವಾಗಿದ್ದರು. ಅವರ ಜಗಳವನ್ನು ಬಗೆಹರಿಸಲು ನೆರವಾದ ಉಪಕರಣಗಳಲ್ಲಿ ಒಂದು ಇಲ್ಲಿಂದ ನೈಋತ್ಯಕ್ಕೆ, ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ನೀಲಗಿರಿಯ ಇಳಿಜಾರಿನಲ್ಲಿ ಈಗಲೂ ನಿಂತಿದೆ. ಅದರ ಕಥೆ ಹೇಳುವ ಮೊದಲು ಜಗಳದ ಮೂಲಕ್ಕೆ ಹೋಗಬೇಕು. ಆ ಮೂಲ ಗುರುತ್ವ.

ಗುರುತ್ವಕ್ಕೆ ಗೊತ್ತಿರುವುದು ಎಳೆಯುವುದೊಂದೇ. ವಿದ್ಯುತ್ತಿನಲ್ಲಿ ಧನವೂ ಇದೆ ಋಣವೂ ಇದೆ, ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ದ್ರವ್ಯರಾಶಿಯಲ್ಲಿ ಅಂಥ ಎರಡು ಜಾತಿ ಇಲ್ಲ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಭೂಮಿಯ ಕೇಂದ್ರದಿಂದ ನಮಗಿಂತ ಸುಮಾರು ಅರವತ್ತು ಪಟ್ಟು ದೂರದಲ್ಲಿದ್ದಾನೆ. ಅರವತ್ತರ ವರ್ಗ 3,600. ಅಷ್ಟರಿಂದ 4.9 ಮೀಟರನ್ನು ಭಾಗಿಸಿದರೆ 1.4 ಮಿಲಿಮೀಟರಿನ ಹತ್ತಿರ ಬರುತ್ತದೆ. ಚಂದ್ರ ತನ್ನ ನೇರ ದಾರಿಯಿಂದ ಪ್ರತಿ ಸೆಕೆಂಡಿಗೆ ಭೂಮಿಯ ಕಡೆಗೆ ಬೀಳುವುದು ಸರಿಯಾಗಿ ಇಷ್ಟೇ. ನ್ಯೂಟನ್ ಕಂಡುಕೊಂಡ ಈ ಹೊಂದಾಣಿಕೆಯಷ್ಟು ಸುಂದರವಾದ ಲೆಕ್ಕ ವಿಜ್ಞಾನದಲ್ಲಿ ಹೆಚ್ಚಿಲ್ಲ. ಮಾವಿನ ತೋಪಿನಲ್ಲಿ ಹಣ್ಣು ಬೀಳಿಸುವ ಬಲವೇ ತಿಂಗಳಿಗೊಮ್ಮೆ ಚಂದ್ರನನ್ನೂ ಸುತ್ತಿಸುತ್ತದೆ.

ಹಾಗಿದ್ದರೆ ವಿಶ್ವವೆಲ್ಲ ಯಾಕೆ ಒಂದರ ಮೇಲೊಂದು ಬಿದ್ದು ಮುದ್ದೆಯಾಗಿಲ್ಲ? ಮೇಲಕ್ಕೆ ಎಸೆದ ಕಲ್ಲು ಏರುತ್ತಿರಬಹುದು, ಇಳಿಯುತ್ತಿರಬಹುದು. ಗಾಳಿಯಲ್ಲಿ ನಿಂತೇ ಇರಲು ಅದಕ್ಕಾಗದು. ವಿಶ್ವಕ್ಕೂ ಇದೇ ಕಟ್ಟು. ಐನ್‌ಸ್ಟೈನರಿಗೆ ಇದು ಇಷ್ಟವಾಗಲಿಲ್ಲ. 1915ರಲ್ಲಿ ಸಾಮಾನ್ಯ ಸಾಪೇಕ್ಷತೆಯನ್ನು ಕೊಟ್ಟವರು 1917ರಲ್ಲಿ ವಿಶ್ವವನ್ನು ನಿಲ್ಲಿಸುವುದಕ್ಕೆಂದೇ ಸಮೀಕರಣಕ್ಕೆ ಒಂದು ಹೊಸ ಪದ ಸೇರಿಸಿದರು. ಅದು ದೂಡುವ ಪದ, ಗುರುತ್ವದ ಎಳೆತಕ್ಕೆ ಎದುರಾಗಿ ನಿಲ್ಲುವಂಥದ್ದು. 1922ರಲ್ಲಿ ರಷ್ಯದ ಫ್ರೀಡ್‌ಮನ್, 1927ರಲ್ಲಿ ಬೆಲ್ಜಿಯಂನ ಪಾದ್ರಿ ಲೆಮೈಟ್ರ್ ಅದೇ ಸಮೀಕರಣಗಳಿಂದ ಹಿಗ್ಗುವ ವಿಶ್ವವನ್ನು ಹೊರತೆಗೆದರು. ದೂರದ ಗೆಲಾಕ್ಸಿಗಳು ದೂರಕ್ಕೆ ತಕ್ಕ ವೇಗದಲ್ಲಿ ಸರಿದು ಹೋಗುತ್ತಿವೆ ಎಂದು 1929ರಲ್ಲಿ ಹಬಲ್ ತೋರಿಸಿದರು. ಕಲ್ಲು ಏರುತ್ತಿತ್ತು.

ಏರುವ ಕಲ್ಲನ್ನು ನೋಡಿದವರು ಅದನ್ನು ಎಸೆದ ಗಳಿಗೆಯನ್ನು ಲೆಕ್ಕ ಹಾಕದೆ ಇರಲಾರರು. ಹಿಂದಕ್ಕೆ ಹೋದಂತೆ ಗೆಲಾಕ್ಸಿಗಳು ಒತ್ತೊತ್ತಾಗುತ್ತವೆ, ಸಾಂದ್ರತೆ ಏರುತ್ತದೆ, ಕೊನೆಗೆ ಎಲ್ಲವೂ ಒಂದು ಬಿಂದುವಿಗೆ ಕುಗ್ಗಿ ಸಾಂದ್ರತೆ ಅನಂತವಾಗುತ್ತದೆ. ಅನಂತ ಬಂದಲ್ಲಿ ಭೌತಶಾಸ್ತ್ರ ಬಾಯಿ ಮುಚ್ಚಬೇಕು. ವಿಶ್ವವನ್ನು ಗೋಲಿಯಂತೆ ದುಂಡಗೆ, ಎಲ್ಲೆಡೆ ಸಮನಾಗಿ ಇಟ್ಟುಕೊಂಡದ್ದರಿಂದ ಹೀಗಾಯಿತೇನೋ ಎಂದು ಹಲವರು ಸಮಾಧಾನ ಹೇಳಿಕೊಂಡಿದ್ದರು. ಆ ಸಮಾಧಾನವನ್ನು ಕಿತ್ತುಕೊಂಡವರು ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ. 1955ರಲ್ಲಿ ಅವರು ಬರೆದ ಸಮೀಕರಣ ಸಮಾನತೆಯ ಊಹೆಯನ್ನು ಕೈಬಿಟ್ಟು ನೋಡುತ್ತದೆ. ದ್ರವ್ಯದ ದಾರಿಗಳು ಹೇಗೇ ಅಂಕುಡೊಂಕಾಗಿರಲಿ, ಸುತ್ತು ಇಲ್ಲದಿದ್ದರೆ ಗುರುತ್ವ ಅವನ್ನು ಒಂದು ಕಡೆಗೆ ಕೂಡಿಸಿಯೇ ತೀರುತ್ತದೆ. ಮುಂದೆ ಪೆನ್‌ರೋಸ್ ಮತ್ತು ಹಾಕಿಂಗ್ ಸಾಧಿಸಿದ ಪ್ರಮೇಯಗಳಿಗೆ ಇದೇ ಅಡಿಗಲ್ಲು.

ಈ ಅಧ್ಯಾಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ವಿಶ್ವಕ್ಕೆ ಆದಿ ಇಲ್ಲ ಎನ್ನುವ ಯಾವ ಸಿದ್ಧಾಂತವೇ ಬರಲಿ, ಅದು ರಾಯ್‌ಚೌಧುರಿಯವರ ಸಮೀಕರಣವನ್ನು ದಾಟಿಯೇ ಬರಬೇಕು. ಸುತ್ತನ್ನು ಬದಿಗಿಟ್ಟರೆ ದಾಟುವುದಕ್ಕೆ ಇರುವ ದಾರಿ ಒಂದೇ. ಎಲ್ಲೋ ಒಂದು ಕಡೆ, ಯಾವುದೋ ಒಂದು ಕಾಲದಲ್ಲಿ, ಗುರುತ್ವ ಎಳೆಯುವುದನ್ನು ಬಿಟ್ಟು ದೂಡಬೇಕು. ಎಲ್ಲಿ, ಯಾವಾಗ, ಯಾತಕ್ಕೆ ದೂಡಿತು ಎಂದು ಹೇಳದ ಪರ್ಯಾಯ ಸಿದ್ಧಾಂತ ಇನ್ನೂ ಸಿದ್ಧಾಂತವಾಗಿಲ್ಲ.

1948ರಲ್ಲಿ ಕೇಂಬ್ರಿಜ್‌ನ ಮೂವರು ಗೆಳೆಯರು, ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್, ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ಗೆಲಾಕ್ಸಿಗಳು ದೂರ ಸರಿದು ತೆರವಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ, ಅದರಿಂದ ಹೊಸ ಗೆಲಾಕ್ಸಿಗಳಾಗುತ್ತವೆ. ಹಿಗ್ಗುವುದು ನಿಜ, ಆದರೆ ಸಾಂದ್ರತೆ ಇಳಿಯುವುದಿಲ್ಲ. ಯಾವ ಕಾಲದಲ್ಲಿ ನೋಡಿದರೂ ವಿಶ್ವ ಇದೇ ಲಕ್ಷಣದ್ದು. ಶೂನ್ಯದಿಂದ ದ್ರವ್ಯ ಹುಟ್ಟುತ್ತದೆಯೇ ಎಂದು ಹುಬ್ಬೇರಿಸುವವರು ಪ್ರಮಾಣವನ್ನು ನೋಡಬೇಕು: ಒಂದು ಘನ ಕಿಲೋಮೀಟರ್ ಜಾಗದಲ್ಲಿ ವರ್ಷಕ್ಕೆ ಒಂದು ಜಲಜನಕದ ಪರಮಾಣುವಿನ ಲೆಕ್ಕ. ಯಾವ ಪ್ರಯೋಗಶಾಲೆಗೂ ಇದು ಸಿಗುವಂಥದ್ದಲ್ಲ. ಎದುರು ಪಕ್ಷದ ಸಿದ್ಧಾಂತಕ್ಕೆ ಮಹಾಸ್ಫೋಟ ಎಂಬ ಅರ್ಥದ ಹೆಸರು ಕೊಟ್ಟವರೂ ಹಾಯ್ಲ್ ಅವರೇ, 1949ರ ಬಿಬಿಸಿ ರೇಡಿಯೋ ಭಾಷಣದಲ್ಲಿ.

ಕೊಲ್ಹಾಪುರದಲ್ಲಿ ಹುಟ್ಟಿದ ಯುವಕನೊಬ್ಬ 1960ರಲ್ಲಿ ಹಾಯ್ಲ್ ಅವರ ಬಳಿ ಸಂಶೋಧನೆಗೆ ಸೇರಿದ. ಆತನೇ ಜಯಂತ ನಾರ್ಲೀಕರ್. ಗುರುಶಿಷ್ಯರಿಬ್ಬರೂ ಸೇರಿ ದ್ರವ್ಯ ಹುಟ್ಟುವ ಬಗೆಗೆ ಗಣಿತದ ಮೈ ಕೊಟ್ಟರು. ಅದರ ಹೆಸರು ಸಿ-ಕ್ಷೇತ್ರ. ಈ ಕ್ಷೇತ್ರದ ಶಕ್ತಿ ಋಣ. ದ್ರವ್ಯ ಹುಟ್ಟಿದಷ್ಟೂ ಕ್ಷೇತ್ರದ ಋಣ ಹೆಚ್ಚುತ್ತದೆ, ಒಟ್ಟು ಶಕ್ತಿಯ ಲೆಕ್ಕ ತಪ್ಪುವುದಿಲ್ಲ. ಋಣ ಶಕ್ತಿಯ ಗುರುತ್ವ ದೂಡುತ್ತದೆ, ಆದ್ದರಿಂದ ವಿಶ್ವ ಹಿಗ್ಗುತ್ತದೆ. ಹಿಗ್ಗುವುದಕ್ಕೂ ಹುಟ್ಟುವುದಕ್ಕೂ ಒಂದೇ ಕಾರಣ! ಎಲ್ಲಿ ದೂಡುತ್ತದೆ ಎಂಬ ಪ್ರಶ್ನೆಗೆ ಅವರು ನೇರವಾಗಿ ಉತ್ತರ ಕೊಟ್ಟಿದ್ದರು. ಸ್ಥಿರಸ್ಥಿತಿ ಸಿದ್ಧಾಂತದ ಮೇಲೆ ನನಗಿರುವ ಗೌರವಕ್ಕೆ ಇದು ಮೊದಲ ಕಾರಣ. ಇನ್ನೊಂದು ಕಾರಣ, ಅದು ತಪ್ಪೆಂದು ತೋರಿಸುವ ದಾರಿಯನ್ನು ಅದೇ ತೆರೆದಿಟ್ಟಿತ್ತು. ಬೆಳಕು ಬರಲು ಕಾಲ ಬೇಕು. ದೂರ ನೋಡುವುದೆಂದರೆ ಹಳೆಯ ಕಾಲವನ್ನು ನೋಡುವುದು. ಹಳೆಯ ವಿಶ್ವ ಇಂದಿನ ವಿಶ್ವದಂತಿಲ್ಲ ಎಂದು ಒಮ್ಮೆ ಕಂಡರೆ ಸಾಕು, ಸಿದ್ಧಾಂತ ಬಿತ್ತು.

ಕೇಂಬ್ರಿಜ್‌ನಲ್ಲೇ ಇದ್ದ ಮಾರ್ಟಿನ್ ರೈಲ್ ಆ ಕೆಲಸಕ್ಕೆ ಕೈಹಾಕಿದರು. ಆಕಾಶದ ರೇಡಿಯೋ ಮೂಲಗಳನ್ನು ಪ್ರಖರತೆಯ ಪ್ರಕಾರ ಎಣಿಸಿದರೆ, ಕ್ಷೀಣವಾದವು ಲೆಕ್ಕಕ್ಕಿಂತ ಹೆಚ್ಚಿಗೆ ಸಿಗುತ್ತಿದ್ದವು. ಕ್ಷೀಣವಾದವು ದೂರದವು, ದೂರದವು ಹಳೆಯವು; ಹಾಗಾಗಿ ಹಿಂದೆ ಇಂಥ ಮೂಲಗಳು ಹೆಚ್ಚಾಗಿದ್ದವು ಎಂಬುದು ಅವರ ವಾದ. 1955ರ ಅವರ ಪಟ್ಟಿಯಲ್ಲಿ ಒಂದರ ಪಕ್ಕ ಒಂದಿದ್ದ ಮೂಲಗಳು ಕಲಸಿಹೋಗಿದ್ದವು, ಆಸ್ಟ್ರೇಲಿಯಾದವರು ಅದನ್ನು ಎತ್ತಿ ತೋರಿಸಿದರು. 1961ರಲ್ಲಿ ರೈಲ್ ಸುಧಾರಿಸಿದ ಎಣಿಕೆಯೊಂದಿಗೆ ಮತ್ತೆ ಬಂದರು. ಅದಕ್ಕೆ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ ಉತ್ತರ ಹೇಳುವ ಹೊಣೆ, ಹಾಯ್ಲ್ ಬೇರೆ ಕೆಲಸದಲ್ಲಿದ್ದುದರಿಂದ, ವಿದ್ಯಾರ್ಥಿ ನಾರ್ಲೀಕರ್ ಹೆಗಲಿಗೆ ಬಂತು. ಎಣಿಕೆಯೊಂದರಿಂದ ಮಾತ್ರ ತೀರ್ಮಾನಕ್ಕೆ ಬರುವುದು ಕಷ್ಟವಿತ್ತು. ಕ್ಷೀಣವಾಗಿ ಕಾಣುವ ಮೂಲ ದೂರದ್ದೇ ಇರಬೇಕೆಂದಿಲ್ಲ, ಹತ್ತಿರದಲ್ಲೇ ಇರುವ ದುರ್ಬಲ ಮೂಲವೂ ಆಗಬಹುದು. ಇನ್ನೊಂದು ಅಳತೆ ಬೇಕಿತ್ತು.

ಆ ಅಳತೆ ನೀಲಗಿರಿಯಿಂದ ಬಂತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ 1963ರಲ್ಲಿ ಒಂದು ಪ್ರಬಂಧ ಓದಿದರು. ಚಂದ್ರ ಅಡ್ಡ ಬಂದಾಗ 3ಸಿ 273 ಎಂಬ ರೇಡಿಯೋ ಮೂಲ ಮರೆಯಾದ ಗಳಿಗೆಯನ್ನು ಹಿಡಿದು ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಅದರ ಜಾಗವನ್ನೂ ಆಕಾರವನ್ನೂ ಬಿಡಿಸಿಟ್ಟಿದ್ದರು. ಒಂದು ಮೂಲಕ್ಕೆ ಮಾಡಿದ್ದನ್ನು ಸಾವಿರ ಮೂಲಗಳಿಗೆ ಮಾಡಿದರೆ? ಸ್ವರೂಪ್ ತಲೆಗೆ ಹೊಕ್ಕ ಯೋಚನೆ ಇದು.

ಚಂದ್ರ ನಕ್ಷತ್ರಗಳ ನಡುವೆ ಸೆಕೆಂಡಿಗೆ ಅರ್ಧ ಕೋನಸೆಕೆಂಡಿನಷ್ಟು ಸರಿಯುತ್ತಾನೆ. ಒಂದು ಡಿಗ್ರಿಯ 3,600ನೇ ಭಾಗ ಒಂದು ಕೋನಸೆಕೆಂಡ್. ಚಂದ್ರನ ಅಂಚು ಒಂದು ರೇಡಿಯೋ ಮೂಲವನ್ನು ಮುಚ್ಚಿಕೊಂಡು ಹೋಗುವಾಗ ಅದರ ಸಂಕೇತ ಎಷ್ಟು ಹೊತ್ತಿನಲ್ಲಿ ಇಳಿಯಿತು, ಹೇಗೆ ಇಳಿಯಿತು ಎಂದು ನೋಡಿದರೆ ಆ ಮೂಲದ ಅಗಲ ಗೊತ್ತಾಗುತ್ತದೆ. ಯಾವ ಆಂಟೆನಾಕ್ಕೂ ಆಗ ಕಾಣದಿದ್ದ ಸಣ್ಣ ವಿವರ ಗಡಿಯಾರಕ್ಕೆ ಸಿಗುತ್ತದೆ. ಸೆಕೆಂಡಿಗೆ 1.4 ಮಿಲಿಮೀಟರ್ ಬೀಳುವ ಅದೇ ಚಂದ್ರ ವಿಶ್ವವನ್ನು ಅಳೆಯುವ ಉಪಕರಣದ ಒಂದು ಭಾಗವಾದ. ಅವನ ದಾರಿಯನ್ನು ಗುರುತ್ವದ ನಿಯಮ ಬಲು ನಿಖರವಾಗಿ ಹೇಳಿಕೊಡುವುದರಿಂದಲೇ ಇದು ಸಾಧ್ಯವಾದದ್ದು.

ಚಂದ್ರನನ್ನು ಗಂಟೆಗಟ್ಟಲೆ ಹಿಂಬಾಲಿಸಬೇಕು, ಕ್ಷೀಣ ಸಂಕೇತ ಹಿಡಿಯುವಷ್ಟು ದೊಡ್ಡ ಆಂಟೆನಾ ಬೇಕು, ಖರ್ಚು ಮಾತ್ರ ಕಡಿಮೆ ಇರಬೇಕು. ಇದಕ್ಕೆ ಸ್ವರೂಪ್ ಕಂಡುಕೊಂಡ ಉಪಾಯವನ್ನು ಈ ಸೀಮೆಯವರು ಸುಲಭವಾಗಿ ಗ್ರಹಿಸಬಹುದು. ಒಡೆಯರಪಾಳ್ಯದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಧ್ರುವ ನಕ್ಷತ್ರ ಕ್ಷಿತಿಜದಿಂದ ಸುಮಾರು 12 ಡಿಗ್ರಿ ಎತ್ತರದಲ್ಲಿರುತ್ತದೆ, ಊರಿನ ಅಕ್ಷಾಂಶ ಅಷ್ಟೇ ಆದ್ದರಿಂದ. ಊಟಿಯಲ್ಲಿ 11 ಡಿಗ್ರಿಯ ಚಿಲ್ಲರೆ. ಉತ್ತರ-ದಕ್ಷಿಣವಾಗಿ ಸರಿಯಾಗಿ ಅಷ್ಟೇ ಓರೆಯಾದ ಬೆಟ್ಟವೊಂದು ಸಿಕ್ಕಿದರೆ, ಅದರ ಮೇಲೆ ಮಲಗಿಸಿದ ಉದ್ದನೆಯ ಆಂಟೆನಾದ ಅಚ್ಚು ಭೂಮಿಯ ಅಚ್ಚಿಗೆ ತಾನಾಗಿ ಸಮಾನಾಂತರವಾಗುತ್ತದೆ. ಆಮೇಲೆ ಆಂಟೆನಾವನ್ನು ಆ ಒಂದು ಅಚ್ಚಿನ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿದರೆ ಸಾಕು, ಒಂದು ಮೂಲವನ್ನು ಒಂಬತ್ತು ಗಂಟೆಗೂ ಮಿಕ್ಕಿ ಹಿಂಬಾಲಿಸಬಹುದು. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರ ಊರು ಮುತ್ತೊರೆಯಲ್ಲಿ ಅಂಥ ಬೆಟ್ಟ ಸಿಕ್ಕಿತು. 530 ಮೀಟರ್ ಉದ್ದ, 30 ಮೀಟರ್ ಅಗಲ, 24 ಉಕ್ಕಿನ ಚೌಕಟ್ಟು, ಅವುಗಳ ಮೇಲೆ ಬಿಗಿದ 1,100 ಸ್ಟೀಲ್ ತಂತಿ. ಉತ್ತರದ ತುದಿ ದಕ್ಷಿಣದ ತುದಿಗಿಂತ ಸುಮಾರು ನೂರು ಮೀಟರ್ ಮೇಲಿದೆ. ಇಲ್ಲಿಯೇ ವಿನ್ಯಾಸ ಮಾಡಿ, ಇಲ್ಲಿಯೇ ಕಟ್ಟಿ, 1970ರಲ್ಲಿ ಕೆಲಸ ಶುರು ಮಾಡಿದರು. ಬಡ ದೇಶವೊಂದು ಬೆಟ್ಟದ ಓರೆಯನ್ನೇ ಯಂತ್ರದ ಭಾಗ ಮಾಡಿಕೊಂಡ ಈ ಕೆಲಸ ನಮ್ಮ ಶಾಲೆಯ ಪಠ್ಯಗಳಲ್ಲಿ ಇರಲೇಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಮುಂದಿನ ವರ್ಷಗಳಲ್ಲಿ ಊಟಿಯ ತಂಡ ಸಾವಿರಕ್ಕೂ ಹೆಚ್ಚು ಕ್ಷೀಣ ಮೂಲಗಳ ಅಗಲವನ್ನು ಚಂದ್ರನ ಮರೆಯಿಂದ ಅಳೆಯಿತು. 1975ರಲ್ಲಿ ಸ್ವರೂಪ್, ವಿಜಯ್ ಕಪಾಹಿ ಇಬ್ಬರೂ ಫಲಿತಾಂಶ ಪ್ರಕಟಿಸಿದರು. ಮೂಲಗಳು ಕ್ಷೀಣವಾದಂತೆ ಅವುಗಳ ಸರಾಸರಿ ಕೋನದ ಅಗಲವೂ ಕುಗ್ಗುತ್ತಿತ್ತು. ಕ್ಷೀಣವಾದವು ನಿಜವಾಗಿಯೂ ದೂರದವು ಎಂಬುದಕ್ಕೆ ಇದು ಸಾಕ್ಷಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಅಗಲ ಮತ್ತು ಪ್ರಖರತೆ ಎರಡನ್ನೂ ಒಟ್ಟಿಗೆ ಹೊಂದಿಸಬೇಕಾದರೆ, ಹಿಂದಿನ ಕಾಲದಲ್ಲಿ ರೇಡಿಯೋ ಗೆಲಾಕ್ಸಿಗಳು ಇಂದಿಗಿಂತ ಹೆಚ್ಚು ಸಂಖ್ಯೆಯಲ್ಲಿದ್ದವು, ಗಾತ್ರದಲ್ಲಿ ಇಂದಿಗಿಂತ ಸಣ್ಣವಾಗಿದ್ದವು ಎಂದು ಒಪ್ಪಬೇಕಿತ್ತು. ವಿಶ್ವ ಕಾಲದೊಂದಿಗೆ ಬದಲಾಗಿದೆ. ಸ್ಥಿರಸ್ಥಿತಿಗೆ ಇದನ್ನು ಒಳಗೆ ಬಿಟ್ಟುಕೊಳ್ಳಲು ಜಾಗವಿರಲಿಲ್ಲ. ರೈಲ್ ಅವರ ಎಣಿಕೆಗೆ ಅದರ ಹಂಗಿಲ್ಲದೆ ಬೇರೆ ದಾರಿಯಿಂದ ಬಂದ ಬೆಂಬಲ ಇದು.

ಆ ಹೊತ್ತಿಗಾಗಲೇ ದೊಡ್ಡ ಪೆಟ್ಟು ಬಿದ್ದಾಗಿತ್ತು. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಸೂಕ್ಷ್ಮತರಂಗಗಳನ್ನು ಕಂಡಿದ್ದರು. ವಿಶ್ವದ ಬಾಲ್ಯ ಬಿಸಿಯಾಗಿದ್ದರೆ ಇಂಥದ್ದೊಂದು ಉಳಿಕೆ, ಅಂದರೆ ಹಿನ್ನೆಲೆ ವಿಕಿರಣ, ಇರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು, ಸುಮಾರು 5 ಕೆಲ್ವಿನ್ ಎಂದು. ಈಗಿನ ಅಳತೆ 2.725. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಕಾಲುಭಾಗದಷ್ಟು ಹೀಲಿಯಂ ಇರುವುದಕ್ಕೂ ನಕ್ಷತ್ರಗಳಷ್ಟೇ ಸಾಲವು, ಬಿಸಿಯಾದ ಬಾಲ್ಯ ಬೇಕು. ಇವೆಲ್ಲ ಸೇರಿ 13.8 ಶತಕೋಟಿ ವರ್ಷದ ವಿಶ್ವದ ಚಿತ್ರ ಗಟ್ಟಿಯಾಯಿತು.

ಸೋತ ಸಿದ್ಧಾಂತ ಬರಿಗೈಯಲ್ಲಿ ಹೋಗಲಿಲ್ಲ. ಬಿಸಿ ಬಾಲ್ಯವನ್ನು ಒಪ್ಪದ ಹಾಯ್ಲ್‌ಗೆ ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲಿಂದ ಬಂದವು ಎಂಬುದಕ್ಕೆ ಬೇರೆ ಉತ್ತರ ಬೇಕಿತ್ತು. ಬರ್ಬಿಜ್ ದಂಪತಿ ಮತ್ತು ಫೌಲರ್ ಜೊತೆ 1957ರಲ್ಲಿ ಅವರು ಆ ಉತ್ತರ ಬರೆದರು: ನಕ್ಷತ್ರಗಳ ಒಡಲಲ್ಲಿ. ಅದು ಇಂದಿಗೂ ಸರಿ. ಇನ್ನೂ ಒಂದಿದೆ. ಸಿ-ಕ್ಷೇತ್ರದ ದೂಡುವಿಕೆಯಿಂದಾಗಿ ಸ್ಥಿರಸ್ಥಿತಿಯ ವಿಶ್ವದಲ್ಲಿ ಹಿಗ್ಗುವ ವೇಗ ಏರುತ್ತಿರಬೇಕಿತ್ತು. ಮಹಾಸ್ಫೋಟದವರು ವೇಗ ಇಳಿಯುತ್ತಿದೆ ಎಂದೇ ನಂಬಿ ಇಳಿತವನ್ನು ಅಳೆಯಲು ಹೊರಟರು. 1998ರಲ್ಲಿ ದೂರದ ಸೂಪರ್‌ನೋವಾಗಳು ವೇಗ ಏರುತ್ತಿರುವುದನ್ನೇ ತೋರಿಸಿದವು. ಏರಿಕೆಯ ಪ್ರಮಾಣ ಸ್ಥಿರಸ್ಥಿತಿ ಹೇಳಿದಷ್ಟಿಲ್ಲ, ದಿಕ್ಕು ಮಾತ್ರ ಅದೇ. ಐನ್‌ಸ್ಟೈನ್ 1917ರಲ್ಲಿ ಸೇರಿಸಿ ಆಮೇಲೆ ತೆಗೆದುಹಾಕಿದ್ದ ದೂಡುವ ಪದ ಕಪ್ಪುಶಕ್ತಿ ಎಂಬ ಹೆಸರಿನಲ್ಲಿ ಸಮೀಕರಣಕ್ಕೆ ಮರಳಿತು. ಹಾಗಾಗಿ ಗುರುತ್ವ ದೂಡಬಾರದು ಎಂದು ಪಟ್ಟು ಹಿಡಿಯುವ ಹಕ್ಕು ಈಗ ಮಹಾಸ್ಫೋಟದವರಿಗೂ ಉಳಿದಿಲ್ಲ.

ನಾರ್ಲೀಕರ್ ಕೊನೆಯವರೆಗೂ ಪರ್ಯಾಯದ ಪಕ್ಷದಲ್ಲೇ ಇದ್ದರು. 1993ರಲ್ಲಿ ಹಾಯ್ಲ್ ಮತ್ತು ಜೆಫ್ರಿ ಬರ್ಬಿಜ್ ಜೊತೆ ಅವರು ಅರೆ-ಸ್ಥಿರಸ್ಥಿತಿಯ ವಿಶ್ವವನ್ನು ಪ್ರತಿಪಾದಿಸಿದರು. ದೀರ್ಘಕಾಲದಲ್ಲಿ ಹಿಗ್ಗುತ್ತಲೇ ಇರುವ, ಅದರ ಮೇಲೆ ಸುಮಾರು 50 ಶತಕೋಟಿ ವರ್ಷಕ್ಕೊಮ್ಮೆ ಕುಗ್ಗಿ ಹಿಗ್ಗುವ ವಿಶ್ವ ಅದು. ಹಿನ್ನೆಲೆ ವಿಕಿರಣ ಹಳೆಯ ನಕ್ಷತ್ರಗಳ ಬೆಳಕು, ಅದನ್ನು ಕಬ್ಬಿಣದ ಸೂಕ್ಷ್ಮ ಎಳೆಗಳು ಹೀರಿ ಸಮವಾಗಿ ಹೊರಬಿಟ್ಟಿವೆ ಎಂದು ವಿವರಿಸಿದರು. ವಿಕಿರಣದಲ್ಲಿರುವ ಸಣ್ಣ ಏರಿಳಿತಗಳ ಅಳತೆ 2003ರಿಂದ ಈಚೆಗೆ ಬಲು ಸೂಕ್ಷ್ಮವಾಯಿತು. ಬಿಸಿ ಬಾಲ್ಯದ ಸಿದ್ಧಾಂತ ಮೊದಲೇ ಹೇಳಿದ್ದ ಏರಿಳಿತದ ಮಾದರಿ ಚಾಚೂ ತಪ್ಪದೆ ಅಲ್ಲಿತ್ತು. ಈ ವಿಷಯದಲ್ಲಿ ನಾರ್ಲೀಕರ್ ಪಕ್ಷ ಸೋತಿತೆಂದೇ ನನ್ನ ತೀರ್ಮಾನ. ಆದರೆ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡ ಆ ಹಿರಿಯರು ಪ್ರಶ್ನೆ ಕೇಳುವುದನ್ನು ಈ ದೇಶದ ಎಷ್ಟೋ ವಿದ್ಯಾರ್ಥಿಗಳಿಗೆ ಕಲಿಸಿ ಹೋದರು.

ವಿಶ್ವದ ಕಥೆಯನ್ನು ಬದಲಿಸುವ ಬದಲು ಗುರುತ್ವದ ನಿಯಮವನ್ನೇ ಬದಲಿಸೋಣ ಎಂದವರೂ ಇದ್ದಾರೆ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುತ್ತವೆ. ಕಾಣದ ಕಪ್ಪುದ್ರವ್ಯವಿದೆ ಎಂಬುದು ಬಹುಮತ. 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಮ್, ವೇಗದ ಬದಲಾವಣೆ ತೀರ ಕಡಿಮೆಯಿರುವಲ್ಲಿ ನ್ಯೂಟನ್ ನಿಯಮವೇ ಬೇರೆಯಾಗುತ್ತದೆ ಎಂದರು. ಬಿಡಿ ಗೆಲಾಕ್ಸಿಗಳಲ್ಲಿ ಅವರ ಸೂತ್ರ ಬೆರಗಾಗುವಷ್ಟು ಚೆನ್ನಾಗಿ ಹೊಂದುತ್ತದೆ, ಗೆಲಾಕ್ಸಿಗಳ ದೊಡ್ಡ ಗುಂಪುಗಳಿಗೆ ಬಂದಾಗ ಕೈಕೊಡುತ್ತದೆ. ಗುರುತ್ವ ತನ್ನ ಅತಿ ಬಿರುಸಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಪರೀಕ್ಷೆ ಮಾತ್ರ ಬೆಂಗಳೂರಿನ ಒಬ್ಬರ ಕೆಲಸಕ್ಕೆ ಋಣಿ. ಕನ್ನಡದ ಬರಹಗಾರ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ, ಅಮೆರಿಕದಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಓದಿದವರು, 1970ರಲ್ಲಿ ಕಂಪ್ಯೂಟರಿನಲ್ಲಿ ಕಪ್ಪುರಂಧ್ರವೊಂದರ ಕಡೆಗೆ ಗುರುತ್ವದ ಅಲೆಯನ್ನು ಹಾಯಿಸಿ ನೋಡಿದರು. ಹಾಯಿಸಿದ ಅಲೆಯ ಆಕಾರ ಯಾವುದೇ ಇರಲಿ, ಕಪ್ಪುರಂಧ್ರ ತನ್ನದೇ ಆವರ್ತದಲ್ಲಿ ಕಂಪಿಸಿ ಬೇಗ ಬೇಗ ತಣ್ಣಗಾಗುತ್ತಿತ್ತು. ಆ ಕಂಪನವನ್ನು ನಿರ್ಧರಿಸುವುದು ಕಪ್ಪುರಂಧ್ರದ ರಾಶಿ ಮತ್ತು ಭ್ರಮಣ, ಬೇರೇನೂ ಅಲ್ಲ. ಗುರುತ್ವದ ನಿಯಮ ಬೇರೆಯಾಗಿದ್ದರೆ ಕಂಪನವೂ ಬೇರೆ.

ಕಪ್ಪುರಂಧ್ರ ಇದೆಯೇ ಇಲ್ಲವೇ ಎಂಬುದೇ ಖಾತ್ರಿಯಿಲ್ಲದ ಕಾಲದಲ್ಲಿ ಮಾಡಿದ ಲೆಕ್ಕ ಅದು. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳಿಗೆ ಮೊದಲ ಗುರುತ್ವದ ಅಲೆ ಸಿಕ್ಕಿತು. ಸೂರ್ಯನ 36 ಮತ್ತು 29 ಪಟ್ಟಿನ ಎರಡು ಕಪ್ಪುರಂಧ್ರಗಳು ಕೂಡಿ 62ರ ಒಂದಾಗಿದ್ದವು, ಉಳಿದ ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹೊರಟಿತ್ತು. ಅಲೆಯ ಬಾಲದಲ್ಲಿ ಕಂಡದ್ದು ವಿಶ್ವೇಶ್ವರ ಹೇಳಿದ ಬಗೆಯ ಕಂಪನ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ನೆಹರೂ ತಾರಾಲಯಕ್ಕೆ ಹೋದ ಎಷ್ಟೋ ಮಕ್ಕಳಿಗೆ ಆಕಾಶ ತೋರಿಸಿದ ಆ ತಾರಾಲಯದ ಮೊದಲ ನಿರ್ದೇಶಕರೂ ಅವರೇ. 2017ರ ಆಗಸ್ಟಿನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಗುರುತ್ವದ ಅಲೆ ಬಂದ ಎರಡು ಸೆಕೆಂಡಿನ ಒಳಗೆ ಬೆಳಕೂ ಬಂತು, ಹದಿಮೂರು ಕೋಟಿ ವರ್ಷ ಪ್ರಯಾಣ ಮಾಡಿದ ಮೇಲೆ. ಗುರುತ್ವದ ವೇಗ ಬೆಳಕಿನದಕ್ಕಿಂತ ಬೇರೆ ಎಂದಿದ್ದ ಪರ್ಯಾಯ ಸಿದ್ಧಾಂತಗಳ ಒಂದು ಇಡೀ ಗುಂಪು ಆ ಒಂದು ದಿನಕ್ಕೆ ಮುಗಿಯಿತು.

ಕರ್ನಾಟಕದ ನೀರಿನ ಮೇಲೂ ಇಂಥದೊಂದು ಪರೀಕ್ಷೆ ನಡೆದಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಹಿಡಿದಿದ್ದೇವೆ ಎಂದು ಎಡ್ಜಸ್ ಎಂಬ ಅಮೆರಿಕದ ತಂಡ 2018ರಲ್ಲಿ ಪ್ರಕಟಿಸಿತು. ಸಂಕೇತದ ಆಳ ನಿರೀಕ್ಷೆಯ ಎರಡು ಪಟ್ಟು. ವಿವರಿಸಲು ಹೊಸ ಹೊಸ ಸಿದ್ಧಾಂತಗಳು ಹುಟ್ಟಿಕೊಂಡವು. ಕಪ್ಪುದ್ರವ್ಯ ಜಲಜನಕವನ್ನು ತಣ್ಣಗೆ ಮಾಡಿತ್ತು ಎಂದು ಒಬ್ಬರು, ಬೇರೆ ಯಾವುದೋ ವಿಕಿರಣವಿತ್ತು ಎಂದು ಇನ್ನೊಬ್ಬರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ಸರಸ್-3 ಆಂಟೆನಾವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ತೇಲಿಬಿಟ್ಟರು. ನೆಲದಲ್ಲಿ ಪದರಪದರವಾಗಿ ಕಲ್ಲು, ಮಣ್ಣು, ತೇವ ಇರುತ್ತವೆ. ಅವು ಸಂಕೇತವನ್ನು ಹಿಂದಕ್ಕೆ ಕಳಿಸಿ ಅಳತೆಯನ್ನು ಕೆಡಿಸುತ್ತವೆ. ಆಳವಾದ ನೀರು ಕೆಳಗೆಲ್ಲ ಒಂದೇ ಸಮ. 2022ರಲ್ಲಿ ಬಂದ ಫಲಿತಾಂಶ: ಎಡ್ಜಸ್ ಹೇಳಿದ ಸಂಕೇತ ಇಲ್ಲಿ ಕಾಣುತ್ತಿಲ್ಲ, ಅದನ್ನು ಶೇಕಡ 95ರ ಭರವಸೆಯಲ್ಲಿ ತಳ್ಳಿಹಾಕಬಹುದು. ಮುತ್ತೊರೆಯ ಓರೆ ಬೆಟ್ಟ, ಶರಾವತಿಯ ಸಮನಾದ ನೀರು. ಇರುವ ಜಾಗದ ಗುಣವನ್ನು ಅರಿತು ಅಳತೆಗೆ ದುಡಿಸಿಕೊಂಡ ಈ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನನಗೆ ಹೆಮ್ಮೆ ಎನಿಸುತ್ತದೆ.

ಇಷ್ಟಾದ ಮೇಲೂ ಮೊದಲ ಪ್ರಶ್ನೆ ಹಾಗೆಯೇ ಇದೆ. ಬಿಸಿ ಬಾಲ್ಯವಿತ್ತು ಎಂಬುದು ಖಚಿತ. ಅದಕ್ಕೂ ಹಿಂದೆ? ಟಿಬೆಟಿಯನ್ ಪರಂಪರೆಯ ದಲೈ ಲಾಮಾ 2005ರ ತಮ್ಮ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಮೇರು ಪರ್ವತವನ್ನು ನಡುವೆ ಇಟ್ಟ ಅಭಿಧರ್ಮದ ಭೂಗೋಳ ಕಣ್ಣಿಗೆ ಕಂಡದ್ದಕ್ಕೆ ವಿರುದ್ಧವಾದ್ದರಿಂದ ಅದನ್ನು ಬಿಡಬೇಕು ಎನ್ನುತ್ತಾರೆ. ಮಹಾಸ್ಫೋಟ ಎಲ್ಲದರ ಮೊದಲಲ್ಲದೆ ಅನೇಕ ಚಕ್ರಗಳಲ್ಲಿ ಒಂದರ ಆರಂಭವಾಗಿರಬಹುದು ಎಂಬ ಬೌದ್ಧ ನಿಲುವನ್ನೂ ಮುಂದಿಡುತ್ತಾರೆ. ಧರ್ಮಗುರುವೊಬ್ಬರು ಅಳತೆಗೆ ಹೀಗೆ ಜಾಗ ಬಿಟ್ಟುಕೊಟ್ಟದ್ದು ದೊಡ್ಡ ಮಾತು. ಹಾಗೆಂದು ಕಲ್ಪಗಳ ಲೆಕ್ಕವನ್ನು ಇಂದಿನ ಚಕ್ರೀಯ ವಿಶ್ವಗಳಿಗೆ ತಾಳೆ ಹಾಕಿ, ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎನ್ನುವುದು ಇಬ್ಬರಿಗೂ ಮಾಡುವ ಅನ್ಯಾಯ. ಕಲ್ಪದ ಕಲ್ಪನೆ ಗುರುತ್ವ ಎಲ್ಲಿ ದೂಡುತ್ತದೆ ಎಂದು ಹೇಳುವುದಿಲ್ಲ, ಹೇಳಬೇಕೆಂದು ಹುಟ್ಟಿದ್ದೂ ಅಲ್ಲ.

ಅದನ್ನು ಹೇಳುವ ಒಂದು ಪ್ರಯತ್ನ ಮಹಾರಾಷ್ಟ್ರದಲ್ಲಿ ಹುಟ್ಟಿದ ಅಭಯ್ ಅಷ್ಟೇಕರ್ ಅವರದು. 1986ರಲ್ಲಿ ಅವರು ಐನ್‌ಸ್ಟೈನ್ ಸಮೀಕರಣಗಳನ್ನು ಹೊಸ ರೀತಿಯಲ್ಲಿ ಬರೆದರು, ಅದರಿಂದ ಅವಕಾಶವೇ ಬಿಡಿಬಿಡಿ ತುಣುಕುಗಳಿಂದಾದದ್ದು ಎಂಬ ಕ್ವಾಂಟಂ ಗುರುತ್ವ ಬೆಳೆಯಿತು. 2006ರಲ್ಲಿ ಪಾವ್ಲೋವ್‌ಸ್ಕಿ ಮತ್ತು ಪರಮಪ್ರೀತ್ ಸಿಂಗ್ ಜೊತೆ ಅವರು ತೋರಿಸಿದ ಲೆಕ್ಕದಲ್ಲಿ, ಸಾಂದ್ರತೆ ಘನ ಮೀಟರಿಗೆ 1ರ ಮುಂದೆ 96 ಸೊನ್ನೆ ಇಟ್ಟಷ್ಟು ಕಿಲೋಗ್ರಾಂ ಮಟ್ಟ ಮುಟ್ಟಿದಾಗ ಗುರುತ್ವ ತಿರುಗಿಬಿದ್ದು ದೂಡುತ್ತದೆ. ಕುಗ್ಗುತ್ತಿದ್ದ ವಿಶ್ವ ಪುಟಿದು ಹಿಗ್ಗತೊಡಗುತ್ತದೆ. ಎಲ್ಲಿ, ಯಾವಾಗ, ಯಾತಕ್ಕೆ ಎಂಬ ಮೂರಕ್ಕೂ ಇಲ್ಲಿ ಉತ್ತರವಿದೆ. ಅಳತೆಯ ಸಾಕ್ಷಿ ಇನ್ನೂ ಬಂದಿಲ್ಲ.

ಸಾಕ್ಷಿ ಎಲ್ಲಿ ಸಿಗಬಹುದೆಂದು ಸ್ಪಷ್ಟವಾಗಿ ಹೇಳಿದವರು ಸ್ಟೈನ್‌ಹಾರ್ಟ್ ಮತ್ತು ಟುರೋಕ್. ಅವರು 2002ರಲ್ಲಿ ಕೊಟ್ಟ ಚಕ್ರೀಯ ವಿಶ್ವದಲ್ಲಿ ಆದಿಕಾಲದ ಗುರುತ್ವದ ಅಲೆಗಳು ಇಲ್ಲವೆನ್ನುವಷ್ಟು ಕ್ಷೀಣ. ಮಹಾಸ್ಫೋಟದ ಮೊದಲ ಕ್ಷಣದಲ್ಲಿ ವಿಶ್ವ ಒಮ್ಮೆಲೇ ಉಬ್ಬಿತು ಎನ್ನುವ ಎದುರು ಪಕ್ಷದ ಎಷ್ಟೋ ಸರಳ ಮಾದರಿಗಳಲ್ಲಿ ಅವು ಕಾಣುವಷ್ಟು ಬಲವಾಗಿರಬೇಕು. ಹಿನ್ನೆಲೆ ವಿಕಿರಣದ ಧ್ರುವೀಕರಣದಲ್ಲಿ ಒಂದು ವಿಶಿಷ್ಟ ಸುಳಿಯ ಗುರುತನ್ನು ಅವು ಬಿಟ್ಟಿರುತ್ತವೆ. 2014ರ ಮಾರ್ಚಿನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ತಂಡ ಆ ಸುಳಿ ಸಿಕ್ಕಿತೆಂದು ಸಾರಿತು. ಮರುವರ್ಷ ಪ್ಲಾಂಕ್ ಉಪಗ್ರಹದ ಅಳತೆಯ ಜೊತೆ ಸೇರಿಸಿ ನೋಡಿದಾಗ ಅದು ನಮ್ಮ ಗೆಲಾಕ್ಸಿಯ ಧೂಳಿನದೇ ಬೆಳಕು ಎಂದು ತಿಳಿಯಿತು. ಅಲ್ಲಿಂದ ಈಚೆಗೆ ಮಿತಿ ಬಿಗಿಯಾಗುತ್ತ ಬಂದಿದೆ, ಸರಳ ಉಬ್ಬರದ ಮಾದರಿಗಳು ಒಂದೊಂದಾಗಿ ಕಳಚುತ್ತಿವೆ. ಜಪಾನ್ ಮುಂದಾಳುತನದ ಲೈಟ್‌ಬರ್ಡ್ ಉಪಗ್ರಹವನ್ನು 2030ರ ದಶಕದಲ್ಲಿ ಹಾರಿಸುವ ಯೋಜನೆ ಇದೆ. ಅದಕ್ಕೆ ಸುಳಿ ಸಿಕ್ಕಿದರೆ ಸ್ಟೈನ್‌ಹಾರ್ಟ್ ಮತ್ತು ಟುರೋಕ್ ಅವರ ವಿಶ್ವ ಬೀಳುತ್ತದೆ. ಹಾಗೆಂದು ಅವರೇ ಮೊದಲು ಬರೆದಿಟ್ಟಿದ್ದಾರೆ.